ಬೆಲ್ಟು ಬಿಚ್ಚಿದ ಕೈ

ಪುಟ್ಟಸ್ವಾಮಣ್ಣ, ಆವತ್ತು ಭೇರ್ಯದಲ್ಲಿ ನಿಮ್ಮ ಸೊಂಟದ ಸೇಫ್ಟಿ ಬೆಲ್ಟು ಬಿಚ್ಚಿದ್ದು ನೀವಲ್ಲ. ನಾನು. ನನ್ನ ಕೈಯಾರೆ ಬಿಚ್ಚಿ, ವ್ಯಾನಿನ ಹಿಂದಿನ ಸೀಟಿಗೆ ಎಸೆದು, ನಿಮ್ಮನ್ನು ಬೆಲ್ಟಿಲ್ಲದೆ ಸಾರವೆ ಹತ್ತಲು ಬಿಟ್ಟು ಕೆ.ಆರ್. ನಗರದ ಕಡೆ ಹೊರಟುಹೋದೆ. ಆಮೇಲೆ ನೀವು ಬಿದ್ದಿರಿ. ಅದಾದ ಮೇಲೆ, ಬಿಚ್ಚಿದವರು ನೀವೇ ಎಂದು ನಿಮಗೇ ಹೇಳಿ ನಂಬಿಸಿದೆ.

ಆರು ವರ್ಷದಿಂದ ನೀವು ಅದನ್ನು ನಂಬಿಕೊಂಡು ಬಂದಿದ್ದೀರಿ. ನಂಬದೆ ಏನು ಮಾಡುತ್ತೀರಿ — ತಲೆಗೆ ಬಿದ್ದ ಪೆಟ್ಟಿನಲ್ಲಿ ಆ ಬೆಳಗ್ಗೆ ಪೂರ್ತಿ ಅಳಿಸಿಹೋಗಿತ್ತು. ಹಿಂದಿನ ದಿನ ಸಂಜೆ ಕಂಪಲಾಪುರದ ನಿಮ್ಮ ಮನೆಯ ಜಗುಲಿಯ ಮೇಲೆ ಕೂತಿದ್ದು ನಿಮಗೆ ನೆನಪಿದೆ. ಅದು ಬಿಟ್ಟರೆ ಮೈಸೂರಿನ ಆಸ್ಪತ್ರೆಯ ಮಂಚ. ನಡುವೆ ಏನಾಯಿತು ಎಂದು ನೀವು ಕೇಳಿದ್ದು ನನ್ನನ್ನು, ಯಾಕೆಂದರೆ ಈ ನಾಲ್ಕು ತಾಲ್ಲೂಕಿನಲ್ಲಿ ನೀವು ಕಣ್ಣು ಮುಚ್ಚಿ ನಂಬುತ್ತಿದ್ದದ್ದು ನನ್ನ ಮಾತನ್ನು.

ನಾನು ಬಾಯಿ ಜೋರಿನ ಹೆಂಗಸು. ಹುಣಸೂರು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಿಮ್ಮೆದುರು ನಿಂತು ಈ ಮಾತು ಆಡಲು ಹೊರಟಾಗಲೆಲ್ಲ ನಾಲಿಗೆ ಹೊರಳಿಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಿಮ್ಮ ಜೊತೆಗೆ ಬೇರೆಯವರೂ ಇದನ್ನು ಓದಬೇಕು ಎಂಬುದು ನನ್ನ ಆಸೆ — ಆಸೆಯಲ್ಲ, ಓದಲೇಬೇಕು. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಸಹಿಸಿಕೊಳ್ಳಿ.

ಹುಣಸೂರಿನಲ್ಲಿ ನಮ್ಮದು ಮಾವನವರ ಕಾಲದ ಬಣ್ಣದ ಅಂಗಡಿ. ಡಬ್ಬ ಮಾರುವುದಷ್ಟೇ ನಮ್ಮ ಕೆಲಸ, ಬಳಿಯುವವರು ಬೇರೆ. ಒಂದು ದೊಡ್ಡ ಕಂಪನಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕಕ್ಕೂ ಸೇರಿ ಪೇಂಟಿಂಗ್ ಕೆಲಸದ ಫ್ರಾಂಚೈಸಿ ಕೊಡುತ್ತದೆ ಎಂದಾಗ ನಾನು ಮುಂದೆ ಬಿದ್ದೆ. ಕಂಪನಿಯ ಹೆಸರು, ಕಂಪನಿಯ ನಿಯಮ, ಕೆಲಸಗಾರರು ನಮ್ಮವರು. ಮೈದುನಂದಿರು ನಕ್ಕರು. ‘ಹೆಂಗಸು ಪೇಂಟ್ರುಗಳ ಹಿಂದೆ ಊರೂರು ಸುತ್ತದಾ, ಅತ್ತಿಗೆ?’ ಎಂದರು. ಆ ನಗು ನನಗೆ ಚೆನ್ನಾಗಿ ನಾಟಿತು. ವ್ಯಾನು ಓಡಿಸುವುದು ಕಲಿತೆ. ಪುರಸಭೆಯ ಪರವಾನಗಿ, ಅಂಗಡಿ ನೋಂದಣಿ, ಜಿಎಸ್‌ಟಿ, ಗುತ್ತಿಗೆ ಕಾರ್ಮಿಕರನ್ನು ಇಟ್ಟುಕೊಳ್ಳುವ ಲೈಸೆನ್ಸು, ನಿಮಗೆಲ್ಲ ಕಟ್ಟಡ ಕಾರ್ಮಿಕರ ಕಾರ್ಡು — ಒಂದೊಂದಕ್ಕೂ ಹತ್ತು ಸಲ ಓಡಾಡಿ ಮಾಡಿಸಿದೆ. ಯಾರ ಕೈಕಾಲೂ ಹಿಡಿಯಲಿಲ್ಲ. ಎಲ್ಲಕ್ಕೂ ಫ್ರೇಮು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತೂಗುಹಾಕಿದೆ. ಬಂದ ಗಿರಾಕಿಗಳು ದೇವರ ಪಟಕ್ಕಿಂತ ಮೊದಲು ಅದನ್ನೇ ನೋಡುವಂತೆ.

ಕಂಪನಿಯ ಮೀಟಿಂಗುಗಳಲ್ಲಿ ಬೇರೆ ತಾಲ್ಲೂಕಿನ ಫ್ರಾಂಚೈಸಿ ಮಾಲೀಕರಿಗೆ ನನ್ನನ್ನು ತೋರಿಸಿ, ‘ನಿಯಮ ಪಾಲಿಸುವುದು ಹೇಗೆ ಅಂತ ಶೋಭಾ ಮೇಡಮ್ ಅವರನ್ನು ನೋಡಿ ಕಲೀರಿ’ ಎನ್ನುತ್ತಿದ್ದರು. ನನಗೆ ಆ ಮಾತಿನ ರುಚಿ ಹತ್ತಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ಫೋಟೋದ ಮಾತು. ಎತ್ತರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಪೇಂಟರೂ ಹೆಲ್ಮೆಟ್ಟು, ಸೇಫ್ಟಿ ಬೆಲ್ಟು ಹಾಕಿರಬೇಕು. ಪ್ರತಿ ದಿನ ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಅದರ ಫೋಟೋ ತೆಗೆದು ಕಂಪನಿಯ ಆ್ಯಪಿಗೆ ಹಾಕಬೇಕು. ಮಧ್ಯಾಹ್ನದೊಳಗೆ ಹಾಕದಿದ್ದರೆ ಆ ಸೈಟು ಬಂದ್ ಎಂಬುದು ನಿಯಮ. ಹೆಲ್ಮೆಟ್ಟುಗಳನ್ನು ಎಲ್ಲರಿಗೂ ಕೊಡಿಸಿದ್ದೆ. ಬೆಲ್ಟುಗಳು ಮಾತ್ರ — ಕಂಪನಿ ಹೇಳಿದ ಕಡೆಯೇ ಕೊಳ್ಳಬೇಕು, ದುಬಾರಿ — ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಜೊತೆ. ನಾಲ್ಕು ತಾಲ್ಲೂಕಿಗೆ ಒಂದು ಜೊತೆ ಬೆಲ್ಟು! ಅದು ನನ್ನ ವ್ಯಾನಿನಲ್ಲಿ ಊರೂರು ಸುತ್ತುತ್ತಿತ್ತು. ಒಂದು ಸೈಟಿಗೆ ಹೋಗುವುದು, ಇಬ್ಬಿಬ್ಬರಿಗೆ ತೊಡಿಸುವುದು, ಗೋಡೆಯ ಮುಂದೆ ನಿಲ್ಲಿಸುವುದು, ಫೋಟೋ, ಬಿಚ್ಚುವುದು, ಮುಂದಿನ ಊರು. ನೀವೆಲ್ಲ ಅದಕ್ಕೆ ‘ಬೆಳಗಿನ ಅಲಂಕಾರ’ ಎಂದು ಹೆಸರಿಟ್ಟಿದ್ದಿರಿ. ನಾನು ಬಂದ ತಕ್ಷಣ ‘ಅಲಂಕಾರಕ್ಕೆ ಬನ್ರಲಾ’ ಎಂದು ನೀವೇ ಹುಡುಗರನ್ನು ಕೂಗುತ್ತಿದ್ದಿರಿ, ನಾನೂ ನಗುತ್ತಿದ್ದೆ.

ಯಾರೂ ಬಿದ್ದಿರಲಿಲ್ಲ, ಅದಕ್ಕೇ ನಗು ಬರುತ್ತಿತ್ತು.

ಭೇರ್ಯದ ಆ ಹೊಸ ಕಲ್ಯಾಣ ಮಂಟಪದ ಮುಂಭಾಗ ತುಂಬ ಎತ್ತರ. ಮೊದಲ ಮದುವೆಗೆ ದಿನ ಗೊತ್ತಾಗಿತ್ತು, ಮಂಟಪದವರು ಅವಸರ ಮಾಡುತ್ತಿದ್ದರು. ನಾನು ಅಲ್ಲಿಗೆ ಬಂದಾಗ ನೀವು ನೆಲದ ಮೇಲೆ ಕೂತು ಪುಟ್ಟಿ ಕಲಸುತ್ತಿದ್ದಿರಿ. ಸರ್ವೆ ಮರ ಕಟ್ಟಿದ ಸಾರವೆ ಆಗಲೇ ಎದ್ದಿತ್ತು. ನಿಮ್ಮ ಜೊತೆಗಾರ ನಿಂಗರಾಜು ಬಕೆಟ್ಟಿಗೆ ಹಗ್ಗ ಬಿಗಿಯುತ್ತಿದ್ದ. ಬೆಲ್ಟು ನಾನೇ ತೊಡಿಸಿದೆ, ನಿಮ್ಮ ಕೈಯೆಲ್ಲ ಪುಟ್ಟಿ. ಫೋಟೋ ತೆಗೆದೆ. ನೀವು ಯಾವಾಗಲೂ ಫೋಟೋಕ್ಕೆ ಮುಖ ಬಿಗಿಹಿಡಿದು ನಿಲ್ಲುತ್ತಿದ್ದಿರಿ, ಆವತ್ತೂ ಹಾಗೆಯೇ ನಿಂತಿರಿ.

‘ಕೈ ಎಲ್ಲ ಗಲೀಜು. ನೀವೇ ಬಿಚ್ಚಿಬುಡಿ ಶೋಭಕ್ಕ,’ ಎಂದಿರಿ.

ನಾನು ಬಿಚ್ಚಿದೆ. ಬಿಚ್ಚುವಾಗ ಒಂದು ಕ್ಷಣ ತಲೆಯೆತ್ತಿ ಸಾರವೆ ನೋಡಿದ್ದು ನೆನಪಿದೆ. ಇಲ್ಲಿ ಇದನ್ನು ಬಿಟ್ಟುಹೋಗಬೇಕು ಅನ್ನಿಸಿತು. ಅನ್ನಿಸಲಿಲ್ಲ ಎಂದು ಹೇಳಿಕೊಂಡರೆ ನನಗೆ ಎಷ್ಟೋ ಹಗುರ, ಆದರೆ ಅನ್ನಿಸಿತು. ಬಿಟ್ಟರೆ ಕೆ.ಆರ್. ನಗರದ ಸೈಟಿಗೆ ಏನು ಮಾಡುವುದು, ಅಲ್ಲಿಂದ ಹುಣಸೂರಿಗೆ, ಮಧ್ಯಾಹ್ನದೊಳಗೆ ಕೋಟೆಗೆ — ಎಂದು ಲೆಕ್ಕ ಹಾಕಿದೆ. ‘ಹುಷಾರು ಕಣಣ್ಣ’ ಎಂದೆ. ಬೆಲ್ಟಿನ ಬದಲು ನಿಮಗೆ ಕೊಟ್ಟದ್ದು ಅದೊಂದು ಮಾತು.

ಕೆ.ಆರ್. ನಗರದಲ್ಲಿ ಬೇರೆ ಇಬ್ಬರಿಗೆ ಅದೇ ಬೆಲ್ಟು ತೊಡಿಸುತ್ತಿರುವಾಗ ಫೋನು ಬಂತು. ನಿಂಗರಾಜು. ಅವನ ಮಾತು ಮಾತಾಗಿ ಬರುತ್ತಿರಲಿಲ್ಲ. ‘ಅಕ್ಕಾ ಬಿದ್ಬುಟ್ರು... ಅಕ್ಕಾ ಪುಟ್ಟಸ್ವಾಮಣ್ಣ ಬಿದ್ಬುಟ್ರು... ಬಾಯಲ್ಲಿ ರಕ್ತ ಅಕ್ಕಾ...’ ಮಂಟಪದವರು ಕಾರಿನಲ್ಲಿ ಹಾಕಿಕೊಂಡು ಹೊರಟಿದ್ದಾರೆ, ಕೆ.ಆರ್. ನಗರದ ಆಸ್ಪತ್ರೆಗೇ ಬರುತ್ತಿದ್ದಾರೆ ಎಂದ. ಕೆ.ಆರ್. ನಗರದ ಆಸ್ಪತ್ರೆ ನಾನು ನಿಂತಿದ್ದ ಜಾಗಕ್ಕೆ ಎರಡು ರಸ್ತೆ ಆಚೆ.

ಮುಂದಿನದನ್ನು ಬರೆಯಲು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ. ಈಗ ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಗೆ ಹೋಗಲಿಲ್ಲ. ಆ ಇಬ್ಬರ ಮೈಮೇಲಿನ ಬೆಲ್ಟು ಕಿತ್ತುಕೊಂಡು, ಭೇರ್ಯಕ್ಕೆ ವ್ಯಾನು ಓಡಿಸಿದೆ. ದಾರಿಯಲ್ಲಿ ಒಂದು ಬಿಳಿ ಕಾರು ಹಾರ್ನು ಒತ್ತಿಕೊಂಡು ಎದುರಾಯಿತು. ಹಿಂದಿನ ಕಿಟಕಿಯಲ್ಲಿ ನಿಂಗರಾಜುವಿನ ತಲೆ ಕಂಡಿತು. ಆ ಕಾರಿನಲ್ಲಿ ನೀವು ಇದ್ದಿರಿ. ನಾನು ಬ್ರೇಕು ಒತ್ತಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟು ಮುಂದೆ ಹೋದೆ.

ಮಂಟಪದ ಮುಂದೆ ನಾಲ್ಕು ಜನ ಗುಂಪು ಕಟ್ಟಿ ಮಾತಾಡುತ್ತಿದ್ದರು. ಪುಟ್ಟಿಯ ಬಕೆಟ್ಟು ಉರುಳಿತ್ತು. ಅದರ ಪಕ್ಕದಲ್ಲಿದ್ದ ರಕ್ತದ ಕಡೆ ನೋಡಲಿಲ್ಲ — ಇಲ್ಲ, ನೋಡಿದೆ. ಬೆಲ್ಟನ್ನು ಸೆರಗಿನಡಿ ಮುಚ್ಚಿಕೊಂಡು ಹಿಂದಿನ ಮೆಟ್ಟಿಲು ಹತ್ತಿ ತಾರಸಿಗೆ ಹೋದೆ. ಅದರ ಹಗ್ಗವನ್ನು ತಾರಸಿಯ ಕಂಬಕ್ಕೆ ಸುತ್ತಿ, ಕೊಕ್ಕೆ ಹಾಕಿ, ಬಕಲು ಬಿಚ್ಚಿದ ಸ್ಥಿತಿಯಲ್ಲೇ ಬೆಲ್ಟನ್ನು ಸಾರವೆಯ ಮೇಲೆ ಇಳಿಬಿಟ್ಟೆ. ಗಂಟು ಬೀಳಲೊಲ್ಲದು. ಕೆಳಗೆ ಯಾರೋ ತಲೆಯೆತ್ತಿ ನೋಡಿದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಮುಗಿಯಬೇಕಿತ್ತು. ಯಾರೂ ನೋಡಲಿಲ್ಲ. ನೇತಾಡುತ್ತಿದ್ದ ಬೆಲ್ಟಿನ ಫೋಟೋ ತೆಗೆದುಕೊಂಡು ಕೆಳಗೆ ಇಳಿದೆ. ಆಮೇಲೆ ಗಟ್ಟಿಯಾಗಿ ಅತ್ತೆ, ಎಲ್ಲರ ಮುಂದೆ. ಅಳು ಸುಳ್ಳಲ್ಲ ಪುಟ್ಟಸ್ವಾಮಣ್ಣ — ಆದರೆ ಗಂಟು ಹಾಕಿ ಮುಗಿಸಿದ ಮೇಲೆ ಬಂದ ಅಳು.

ಆ ಅರ್ಧ ಗಂಟೆಯಲ್ಲಿ ನನ್ನ ತಲೆಯಲ್ಲಿ ನೀವು ಬದುಕುತ್ತೀರೋ ಇಲ್ಲವೋ ಎಂಬುದು ಇರಲಿಲ್ಲ. ಗೋಡೆಯ ಮೇಲಿನ ಲೈಸೆನ್ಸುಗಳಿದ್ದವು. ಬೆಲ್ಟು ಕೊಡದೆ ಎತ್ತರಕ್ಕೆ ಹತ್ತಿಸಿದ್ದಾಳೆ ಎಂದು ಗೊತ್ತಾದರೆ ಲೈಸೆನ್ಸು ಹೋಗುತ್ತದೆ, ಫ್ರಾಂಚೈಸಿ ಹೋಗುತ್ತದೆ, ಕೇಸಾಗುತ್ತದೆ, ಮೈದುನಂದಿರು ನಗುತ್ತಾರೆ. ಹೌದು, ಮನುಷ್ಯ ಸಾಯುವ ಹೊತ್ತಿನಲ್ಲಿ ನನಗೆ ಮೈದುನಂದಿರ ನಗು ನೆನಪಾಯಿತು. ನನ್ನ ಬಗ್ಗೆ ಇದಕ್ಕಿಂತ ಕೀಳಾದ ಸಂಗತಿ ನನಗೇ ಇನ್ನೊಂದು ಗೊತ್ತಿಲ್ಲ.

ಕೆ.ಆರ್. ನಗರದವರು ನಿಮ್ಮನ್ನು ಮೈಸೂರಿಗೆ ಕಳಿಸಿದರು. ನಿಂಗರಾಜು ಅಲ್ಲಿನ ಆಸ್ಪತ್ರೆಯ ಹೊರಗೆ ಬೇವಿನ ಮರದಡಿ ಕೂತಿದ್ದ, ಅಂಗಿಯ ತುಂಬ ನಿಮ್ಮ ರಕ್ತ. ಅವನಿಗೆ ಹೇಳಿದೆ — ಬೆಲ್ಟು ಅಲ್ಲೇ ಇತ್ತು, ಅಣ್ಣ ಬಿಚ್ಚಿಟ್ಟು ಕೆಲಸ ಮಾಡುತ್ತಿದ್ದರು, ನೀನು ಕೆಳಗಿದ್ದೆ, ನಿನಗೆ ಕಾಣಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಅವನಿಗೂ ಹೆದರಿಕೆ, ಮನೆಯಲ್ಲಿ ಬಾಣಂತಿ ಹೆಂಡತಿ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ. ಆಮೇಲೆ ಒಂದು ದಿನ ಬ್ರಷ್ಷು, ಹೆಲ್ಮೆಟ್ಟು ತಂದು ಅಂಗಡಿಯ ಮೆಟ್ಟಿಲ ಮೇಲಿಟ್ಟು, ‘ನೀವ್ ಹೇಳ್ದಂಗೇ ಹೇಳಿವ್ನಿ ಅಕ್ಕಾ. ಇನ್ನು ನನ್ನ ಕರೀಬ್ಯಾಡಿ’ ಎಂದು ಕುಶಾಲನಗರದ ಕಡೆ ಕೆಲಸಕ್ಕೆ ಹೋದ. ನನ್ನ ಫೋನು ಅವನು ತೆಗೆಯುವುದಿಲ್ಲ.

ನಿಮಗೆ ಎಚ್ಚರವಾಗಿ, ಮಾತು ಬಂದ ಮೇಲೆ ನೀವು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. ನಿಮ್ಮ ಹೆಂಡತಿ ಜಯಕ್ಕ ನಿಮ್ಮ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದರು. ನಾನು ಮಂಚದ ಕಾಲಿನ ಕಡೆ ನಿಂತಿದ್ದೆ.

‘ಶೋಭಕ್ಕ, ನಾನು ಬೆಲ್ಟು ಆಕಂಡಿರ್ನಿಲ್ವಾ?’

‘ಹಾಕಿದ್ದಿರಿ ಅಣ್ಣ. ಫೋಟೋ ಇದೆಯಲ್ಲ. ಆಮೇಲೆ ನೀವೇ ಬಿಚ್ಚಿಟ್ಟಿದ್ದೀರಿ.’

ಇಷ್ಟೇ ಮಾತು. ಎಷ್ಟು ಸಲೀಸಾಗಿ ಬಂತು ಎಂದರೆ, ಹೇಳಿದ ಮೇಲೆ ನನಗೇ ಅದು ನಡೆದದ್ದೇ ಇರಬೇಕು ಅನ್ನಿಸಿತು. ನೀವು ಕಣ್ಣು ಮುಚ್ಚಿಕೊಂಡಿರಿ. ಜಯಕ್ಕ ಚಮಚ ಲೋಟದೊಳಕ್ಕೆ ಬಿಟ್ಟು ಹಣೆ ಬಡಿದುಕೊಂಡರು. ‘ಒಂದು ಬೆಲ್ಟು ಮೈಮ್ಯಾಲೆ ಇಟ್ಕಳಕೂ ಭಾರ ಆಯ್ತಾ ನಿಮ್ಗೆ!’ ಎಂದು ಅತ್ತರು. ನಾನು ಅವರ ಬೆನ್ನು ಸವರಿ ಸಮಾಧಾನ ಹೇಳಿದೆ — ಬೈಯಬೇಡಿ ಜಯಕ್ಕ, ಆಗಿದ್ದು ಆಗಿಹೋಯಿತು ಎಂದೆ.

ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ವಿಚಾರಿಸಿದರು. ಸುಮ್ಮನೆ ಹೋಗುವ ಮನುಷ್ಯರಲ್ಲ, ಕೆದಕಿ ಕೆದಕಿ ಕೇಳಿದರು. ನಾನು ಎರಡೂ ಫೋಟೋ ತೋರಿಸಿದೆ. ಬೆಲ್ಟು ತೊಟ್ಟು ನಿಂತ ನೀವು, ನೇತಾಡುತ್ತಿರುವ ಬೆಲ್ಟು. ಎರಡರಲ್ಲೂ ಸುಳ್ಳಿನ ಕಲೆಯಿಲ್ಲ, ಎರಡರ ನಡುವೆ ಇದ್ದದ್ದು ಸುಳ್ಳು. ಕೊನೆಗೆ ಅವರು ನಿಮ್ಮನ್ನೇ ಕೇಳಿದರು. ‘ನಾನೇ ಬಿಚ್ಚಿದ್ದು ಸ್ವಾಮಿ. ಅಕ್ಕಂದೇನೂ ತೆಪ್ಪಿಲ್ಲ’ ಎಂದಿರಿ. ನೆನಪಿದೆಯಾ ಎಂದರು. ‘ನೆಪ್ಪಿಲ್ಲ, ಆದ್ರೆ ಅಕ್ಕ ಸುಳ್ಳು ಹೇಳಕಿಲ್ಲ’ ಎಂದಿರಿ. ಆ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು, ಬಾಯಿ ಬಿಡಲಿಲ್ಲ.

ಕೊಟ್ಟ ರಕ್ಷಣೆಯನ್ನು ಕೆಲಸಗಾರ ಬೇಕೆಂದೇ ತೆಗೆದಿಟ್ಟು ಏಟು ಮಾಡಿಕೊಂಡರೆ, ಪೂರ್ತಿ ಕೆಲಸಕ್ಕೆ ಬಾರದವನಾಗದ ಹೊರತು, ಮಾಲೀಕರು ಪರಿಹಾರ ಕೊಡಬೇಕಾಗಿಲ್ಲ ಎಂದು ಕಾನೂನಿನಲ್ಲಿ ಒಂದು ಮಾತಿದೆ. ಅದು ನನಗೆ ಗೊತ್ತಿತ್ತು. ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದ್ದವಳು ನಾನು. ನಿಮ್ಮ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಎಡಗಾಲು ಎಳೆಯುತ್ತದೆ, ಆದರೂ ನೀವು ಓಡಾಡುತ್ತೀರಿ. ಹಾಗಾಗಿ ನಿಮಗೆ ಬರಬೇಕಾದ್ದು ಬರಲಿಲ್ಲ. ನಿಮ್ಮ ಬಾಯಿಂದಲೇ ನಿಮ್ಮ ಹಕ್ಕನ್ನು ಬಿಡಿಸಿದೆ.

ಅದಾದ ಮೇಲೆ ನಾನು ಮಾಡಿದ್ದನ್ನೂ ಕೇಳಿ. ನಿಮ್ಮನ್ನು ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರದ ಮುಂದೆ ಕೂರಿಸಿ ಕೆಲಸ ಕೊಟ್ಟೆ. ಊರೆಲ್ಲ ಹೊಗಳಿತು. ‘ಬ್ಯಾರೆಯವರಾಗಿದ್ರೆ ತಿರುಗಿ ನೋಡ್ತಿರ್ನಿಲ್ಲ’ ಎಂದರು. ನೀವೂ ಅದನ್ನೇ ಹೇಳಿದಿರಿ, ಕೈ ಮುಗಿದಿರಿ. ಬೆಲ್ಟುಗಳನ್ನು ಎಲ್ಲ ಸೈಟಿಗೂ ಕೊಂಡುಕೊಟ್ಟೆ — ಆಗ ದುಡ್ಡು ಸಿಕ್ಕಿತು! ಅಷ್ಟಕ್ಕೇ ಬಿಟ್ಟೆನಾ? ಕಂಪನಿಯವರು, ಲೈಸೆನ್ಸು ನವೀಕರಣಕ್ಕೆ ಮುಂಚೆ ಪ್ರತಿ ಸಲ ಪೇಂಟರುಗಳಿಗೆ ಸುರಕ್ಷತೆಯ ತರಬೇತಿ ಕೊಡಬೇಕು ಎಂದಾಗ, ನಿಮ್ಮನ್ನೇ ಎಬ್ಬಿಸಿ ನಿಲ್ಲಿಸಿದೆ.

ನೀವು ಎಷ್ಟು ಚೆನ್ನಾಗಿ ಮಾತಾಡಿದಿರಿ. ‘ನೋಡ್ರಪ್ಪಾ, ನಾನು ಬೆಲ್ಟು ಬಿಚ್ಚಿ ಈ ಗತಿಗೆ ಬಂದಿವ್ನಿ. ನನ್ನಂಗೆ ದಡ್ಡತನ ಮಾಡ್ಬ್ಯಾಡಿ’ ಎಂದು ಎತ್ತಲಾಗದ ಕೈಯನ್ನು ಎತ್ತಲು ಹೋಗಿ ತೋರಿಸುತ್ತಿದ್ದಿರಿ. ಹುಡುಗರು ಉಸಿರೆತ್ತದೆ ಕೇಳುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಹೇಳಿದಿರಿ, ಕೋಟೆಯಲ್ಲಿ ಹೇಳಿದಿರಿ, ಹಾರನಹಳ್ಳಿಯ ಶಾಲೆ ಕಟ್ಟಡದ ಕೆಲಸದಲ್ಲಿ ಹೇಳಿದಿರಿ. ಮಾಡದ ತಪ್ಪನ್ನು ಊರೂರಿನಲ್ಲಿ ಒಪ್ಪಿಕೊಂಡಿರಿ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಲೆದೂಗಿದೆ.

ಹೀಗೇ ಸಾಗಿಹೋಗುತ್ತಿತ್ತೇನೋ. ಆದರೆ ಕಳೆದ ತಿಂಗಳು ಕೋಟೆಯಲ್ಲಿ ನಿಮ್ಮ ಮಾತು ಮುಗಿದ ಮೇಲೆ ಹೊಸ ಪೇಂಟರೊಬ್ಬ ಎದ್ದು, ‘ಅಲ್ಲಣ್ಣ, ಯಾಕ್ ಬಿಚ್ಚಿದ್ರಿ?’ ಎಂದು ಕೇಳಿದ. ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ, ‘ಯಾಕ್ ಬಿಚ್ಚಿದ್ದೀನು ಶೋಭಕ್ಕ ನಾನು? ಸೆಕೆ ಇರ್ನಿಲ್ಲ ಅಂತೀರಿ, ಬೆಲ್ಟು ಬಿಗೀನೂ ಇರ್ನಿಲ್ಲ ಅಂತೀರಿ. ಬುದ್ಧಿ ಇರೋನು ಅಷ್ಟೆತ್ರದಲ್ಲಿ ಸುಮ್ಸುಮ್ನೆ ಬಿಚ್ತಾನಾ?’ ಎಂದಿರಿ. ನಾನು ರಸ್ತೆ ನೋಡುತ್ತ ಗೇರು ಬದಲಾಯಿಸಿದೆ.

ಅದಾದ ಎರಡು ವಾರಕ್ಕೆ, ನೀವು ಊಟಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡು ಜಯಕ್ಕ ಅಂಗಡಿಗೆ ಬಂದರು. ಕೂರಿ ಎಂದರೆ ಕೂರಲಿಲ್ಲ. ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ ನಿಂತಿದ್ದರು.

‘ಒಂದು ಮಾತು ಕೇಳ್ತೀನಿ ಶೋಭಕ್ಕ, ಯಾರ್ಗೂ ಹೇಳ್ಬ್ಯಾಡಿ. ಆವತ್ತು ಬೆಳಿಗ್ಗೆ ಅವರ ಮೊಕ ಎಂಗಿತ್ತು?’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಿಂದಿನ ದಿನ ಸಂಜೆ ಜಗುಲಿಯ ಮೇಲೆ ನಿಮ್ಮಿಬ್ಬರಿಗೂ ಜಗಳವಾಗಿತ್ತಂತೆ. ಜಯಕ್ಕನ ಅಣ್ಣನ ಮನೆಯ ಗೃಹಪ್ರವೇಶಕ್ಕೆ ನೀವು ಬರುವುದಿಲ್ಲ ಎಂದಿರಂತೆ. ಜಯಕ್ಕ ಸಿಟ್ಟಿನಲ್ಲಿ, ‘ನೀವಿದ್ರೂ ಒಂದೇ, ಇಲ್ದಿದ್ರೂ ಒಂದೇ’ ಎಂದುಬಿಟ್ಟರಂತೆ. ನೀವು ಮಾತಾಡದೆ ಎದ್ದು ಹೋಗಿ ಮಲಗಿದಿರಂತೆ. ಬೆಳಗ್ಗೆ ಅವರು ಏಳುವ ಮುಂಚೆ ಕೆಲಸಕ್ಕೆ ಹೊರಟಿದ್ದಿರಿ.

‘ಬೇಕೂಂತ್ಲೇ ಬಿಚ್ಚಿದ್ರಾ ಅಕ್ಕಾ? ನನ್ನ ಮಾತ್ಗೆ ಬೇಜಾರಾಗಿ... ಆವತ್ತಿಂದ್ಲೂ ಅವರು ತಾರಸಿ ಹತ್ತಿದ್ರೆ ನಾನೂ ಹಿಂದ್ಲೇ ಹತ್ತೀನಿ. ಬಾವಿ ತಾವ ಒಬ್ರನ್ನೇ ಬುಡಕಿಲ್ಲ. ಈಗ ದಿನಾ ಅದೇ ಕೇಳ್ಕಂಡು ಕೂತ್ಕತಾರೆ, ಯಾಕ್ ಬಿಚ್ಚಿದೆ, ಯಾಕ್ ಬಿಚ್ಚಿದೆ ಅಂತ. ಅವ್ರಿಗೂ ಅದೇ ಅನ್ಮಾನ ಬಂದದೆ ಕಣಕ್ಕಾ. ಆವತ್ತು ನನ್ನ ವಿಸ್ಯ ಏನಾರ ಅಂದ್ರಾ?’

ಅಂದಿದ್ದಿರಿ, ಪುಟ್ಟಸ್ವಾಮಣ್ಣ. ಬೆಲ್ಟು ಬಿಚ್ಚುವಾಗಲೇ ಅಂದಿದ್ದಿರಿ. ‘ಇವತ್ತು ಒಂಚೂರು ಬೇಗ ಬುಡಿ ಶೋಭಕ್ಕ. ಮನೇಲಿ ಮುನಿಸ್ಕಂಡವ್ಳೆ. ಅವಳಣ್ಣನ ಗೃಹಪ್ರವೇಶಕ್ಕೆ ಒಂದೆಜ್ಜೆ ಹೋಗ್ಬಂದ್ಬುಡ್ತೀನಿ’ ಎಂದು ನಕ್ಕಿದ್ದಿರಿ. ನಾನು ಹೂಂ ಎಂದಿದ್ದೆ. ಈ ಮಾತು ಈ ಭೂಮಿಯ ಮೇಲೆ ನನ್ನೊಬ್ಬಳಿಗೆ ಗೊತ್ತಿತ್ತು, ಮತ್ತು ಅದು ಬೇಕಾದವರು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳುತ್ತಿದ್ದರು.

‘ಇಲ್ಲ ಜಯಕ್ಕ, ಏನೂ ಅನ್ನಲಿಲ್ಲ’ ಎಂದೆ.

ಬೇಗ ಬಿಡಿ ಎಂದರು ಎಂದು ಹೇಳಿದರೆ, ಮತ್ತೆ ಯಾಕೆ ಬಿಚ್ಚಿದರು ಎಂಬ ಪ್ರಶ್ನೆ ಇನ್ನೂ ದೊಡ್ಡದಾಗುತ್ತಿತ್ತು. ಅದಕ್ಕೆ ಇಲ್ಲ ಎಂದೆ. ಆರು ವರ್ಷದ ಹಿಂದೆ ಹೆದರಿ ಸುಳ್ಳು ಹೇಳಿದೆ ಎನ್ನಬಹುದು. ಈ ಸಲ ಹೆದರಿಸುವವರು ಯಾರೂ ಇರಲಿಲ್ಲ. ಜಯಕ್ಕ ತಲೆ ಆಡಿಸಿ, ಸೆರಗಿನಿಂದ ಬಾಯಿ ಒತ್ತಿಕೊಂಡು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಅವರ ಬೆನ್ನನ್ನೇ ನೋಡುತ್ತ ನಿಂತಿದ್ದೆ. ನನ್ನನ್ನು ಕಂಡರೆ ನನಗೇ ಅಸಹ್ಯವಾಯಿತು. ಇಷ್ಟು ದಿನ ನಿಮ್ಮ ಕೈಕಾಲಿಗೆ ಮಾತ್ರ ಅನ್ಯಾಯ ಮಾಡಿದ್ದೇನೆ, ಅದನ್ನು ಸಂಬಳ ಕೊಟ್ಟು ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿಮ್ಮ ಮನೆಯೊಳಗೆ ಗಂಡ ಹೆಂಡತಿಯ ನಡುವೆ ನನ್ನ ಸುಳ್ಳು ಮಲಗಿ ಏಳುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ — ಬೇಡ, ಆ ಮಾತನ್ನೂ ಬಿಡುತ್ತೇನೆ.

ಒಬ್ಬ ವಕೀಲರನ್ನು ಕೇಳಿದೆ. ‘ಹಳೇ ವಿಷಯ ಮೇಡಮ್, ಸುಮ್ಮನಿದ್ದುಬಿಡಿ. ಬಾಯಿ ಬಿಟ್ಟರೆ ನಿಮಗೇ ಸುತ್ತಿಕೊಳ್ಳುತ್ತೆ’ ಎಂದರು. ಅವರು ತಿಳಿದವರು, ನನ್ನ ಹಿತಕ್ಕೇ ಹೇಳಿದರು. ಮಾರನೆ ದಿನ ಅಂಗಡಿಯಲ್ಲಿ ನೀವು ಬಣ್ಣ ಬೆರೆಸುತ್ತಿದ್ದಾಗ, ಪಿರಿಯಾಪಟ್ಟಣದ ಸೈಟಿಗೆ ಹೋಗುತ್ತೇನೆಂದು ನಿಮಗೆ ಇನ್ನೊಂದು ಸುಳ್ಳು ಹೇಳಿ ನಾನು ಕಂಪಲಾಪುರಕ್ಕೆ ಹೋದೆ.

ಜಯಕ್ಕ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹೇಳಿದೆ. ಎಲ್ಲವನ್ನೂ — ಬೆಲ್ಟು ಬಿಚ್ಚಿದ್ದು, ತಾರಸಿ ಹತ್ತಿದ್ದು, ಎದುರಾದ ಕಾರಿಗೆ ದಾರಿ ಬಿಟ್ಟದ್ದು. ನೀವು ಬೇಗ ಬಿಡಿ ಎಂದದ್ದನ್ನು ನಿಮ್ಮ ಮಾತಿನಲ್ಲೇ ಹೇಳಿದೆ. ಅವರ ಕೈ ಅವರೆಕಾಯಿಯ ಮೊರದೊಳಗೆ ನಿಂತುಹೋಯಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

‘ಅಂಗಾರೆ... ನನ್ನ ಮಾತ್ಗಲ್ವಾ?’ ಎಂದರು.

ಅಲ್ಲ ಎಂದೆ.

‘ನನ್ನ ಮಾತ್ಗಲ್ವಾ ಅವ್ರು ಬಿದ್ದಿದ್ದು?’

ಅಲ್ಲ ಜಯಕ್ಕ, ನನ್ನಿಂದ ಎಂದೆ. ಆಗ ಅವರು ಅತ್ತರು. ಅಂಥ ಅಳು ನಾನು ಸಾವಿನ ಮನೆಯಲ್ಲೂ ಕೇಳಿಲ್ಲ. ಮೊರ ಉರುಳಿ ಕಾಳೆಲ್ಲ ಚೆಲ್ಲಿತು. ಆಯಲು ಬಗ್ಗಿದೆ, ಅವರು ನನ್ನ ಕೈ ತಳ್ಳಿದರು.

‘ಮುಟ್ಬ್ಯಾಡಿ. ಎದ್ದೋಗಿ ಶೋಭಕ್ಕ. ನಮ್ಮ ಜಗಲಿ ಮ್ಯಾಲೆ ಕೂತ್ಕಬ್ಯಾಡಿ.’ ನಾನು ಅಂಗಳಕ್ಕೆ ಇಳಿದ ಮೇಲೆ ಮತ್ತೆ ಕರೆದರು. ‘ಅವ್ರಿಗೆ ನಾನು ಹೇಳಕಿಲ್ಲ. ಊರೂರಲ್ಲಿ ನಿಲ್ಸಿ ಅವರ ಬಾಯಲ್ಲಿ ಹೇಳ್ಸಿದ್ರಲ್ಲ, ಅಂಗೇ ಎಲ್ರ ಮುಂದ್ಲೂ ನೀವು ಹೇಳಿ.’

ನಾಳೆ ಹುಣಸೂರಿನಲ್ಲಿ ತರಬೇತಿ ಇದೆ. ನಾಲ್ಕು ತಾಲ್ಲೂಕಿನ ಪೇಂಟರುಗಳೂ ಬರುತ್ತಾರೆ, ಕಂಪನಿಯವರು ಬರುತ್ತಾರೆ. ಕಾರ್ಮಿಕ ಇಲಾಖೆಯವರನ್ನೂ ನಾನೇ ಕರೆದಿದ್ದೇನೆ. ಇಲ್ಲಿ ಬರೆದದ್ದನ್ನೆಲ್ಲ ಅವರ ಕೈಗೆ ಕೊಡುತ್ತೇನೆ, ನಿಮ್ಮ ಪರಿಹಾರದ ಅರ್ಜಿಯನ್ನು ಈಗಲಾದರೂ ತೆಗೆದುಕೊಳ್ಳಿ, ತಡವಾದದ್ದು ನನ್ನ ಸುಳ್ಳಿನಿಂದ ಎಂದು ಹೇಳುತ್ತೇನೆ. ಲೈಸೆನ್ಸು, ಫ್ರಾಂಚೈಸಿ ಏನಾಗುತ್ತದೋ ಆಗಲಿ. ನಿಂಗರಾಜುವಿಗೂ ಇದನ್ನು ಕಳಿಸುತ್ತೇನೆ. ಅವನಿಗೆ ಸುಳ್ಳು ಹೇಳಿಕೊಟ್ಟವಳು ನಾನು, ಅವನನ್ನು ಯಾರೂ ಏನೂ ಅನ್ನಬಾರದು.

ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀರಿ, ನೀವು ಅಂಥವರು — ‘ಓಗ್ಲಿ ಬುಡಿ ಅಕ್ಕಾ’ ಎನ್ನುತ್ತೀರಿ. ಅದನ್ನು ಅನ್ನಬೇಡಿ. ಒಂದೇ ಒಂದು ಕೇಳುತ್ತೇನೆ: ನಾಳೆ ನಿಮ್ಮ ಹೆಸರು ಕೂಗಿದರೂ ನೀವು ಏಳಬೇಡಿ, ಜಯಕ್ಕನ ಪಕ್ಕದಲ್ಲಿ ಕೂತಿರಿ. ನಾನು ಎದ್ದು ನಿಂತು ಹೇಳುತ್ತೇನೆ. ನೀವು ಬೆಲ್ಟು ಬಿಚ್ಚಲಿಲ್ಲ. ದಡ್ಡತನ ಮಾಡಲಿಲ್ಲ, ಸಾಯಲೂ ಹೋಗಲಿಲ್ಲ. ಸಂಜೆ ಬೇಗ ಮನೆಗೆ ಹೋಗಬೇಕೆಂದುಕೊಂಡು ನೀವು ಆವತ್ತು ಸಾರವೆ ಹತ್ತಿದ್ದಿರಿ.